ಹೊಟ್ಟೆಗೆ ಹಿಟ್ಟಿಲ್ಲ, ಕೈಗೆ ಪ್ರಶ್ನಾವಳಿ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಆರೋಗ್ಯದ ಬಗ್ಗೆ ಈಗ ಎಲ್ಲರಿಗೂ ಕಾಳಜಿ ಉಕ್ಕಿ ಬಂದಿದೆ. ‘ಒತ್ತಡ ನಿರ್ವಹಣೆ’, ‘ಸಕಾರಾತ್ಮಕ ಚಿಂತನೆ’, ‘ಮೊಬೈಲ್ ವ್ಯಸನದಿಂದ ಮುಕ್ತಿ’ ಹೀಗೆ ಒಂದಾದ ಮೇಲೊಂದು ಕಾರ್ಯಾಗಾರ. ಫ್ಲೆಕ್ಸು, ದೀಪ ಬೆಳಗಿಸುವುದು, ಅತಿಥಿಗಳಿಗೆ ಹಾರದ ಬದಲು ಕುಂಡದಲ್ಲಿ ಒಂದು ಗಿಡ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದ ಸಂಪನ್ಮೂಲ ವ್ಯಕ್ತಿಗಳು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎನ್ನುತ್ತಾರೆ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬಂದ ಮಕ್ಕಳು ಕಣ್ಣು ಮುಚ್ಚಿದರೆ ಮೊದಲು ಬರುವುದು ನಿದ್ದೆ. ಸಭಾಂಗಣ ಅಷ್ಟು ಶಾಂತವಾಗಿರುವುದನ್ನು ಕಂಡು ಅತಿಥಿಗಳಿಗೂ ಸಂತೋಷ.

ಈ ಕಾರ್ಯಾಗಾರಗಳ ಹಿಂದೆ ಸಂಶೋಧನೆ ಇದೆ ಎಂದು ಹೇಳುತ್ತಾರೆ. ಇದೆ, ನಿಜ. ವಿದ್ಯಾರ್ಥಿಗಳ ಜೀವನಮಟ್ಟವನ್ನು ಅಳೆಯುವ ಪ್ರಬಂಧಗಳು ಪ್ರತಿ ವರ್ಷ ರಾಶಿ ಬೀಳುತ್ತವೆ. ಬಹುಪಾಲು ಪ್ರಬಂಧಗಳಿಗೆ ಅಳತೆಗೋಲು ಒಂದೇ: ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒಕ್ಯುಒಎಲ್-ಬ್ರೆಫ್ ಎಂಬ ಪ್ರಶ್ನಾವಳಿ. ಅದರಲ್ಲಿ 26 ಪ್ರಶ್ನೆಗಳು. ಕಳೆದ ಎರಡು ವಾರಗಳನ್ನು ನೆನೆಸಿಕೊಂಡು ಒಂದರಿಂದ ಐದರೊಳಗೆ ಒಂದು ಅಂಕಿಗೆ ಸುತ್ತು ಹಾಕಬೇಕು. ಒಟ್ಟಾರೆ ಪ್ರಶ್ನೆ ಎರಡು, ದೈಹಿಕ ಏಳು, ಮಾನಸಿಕ ಆರು, ಸಾಮಾಜಿಕ ಮೂರು, ಪರಿಸರ ಎಂಟು. ನಾನೂ ವಿದ್ಯಾರ್ಥಿಯಾಗಿ ಎರಡು ಸಲ ಇದನ್ನು ತುಂಬಿದ್ದೇನೆ. ಸಂಶೋಧಕಿಯಾದ ಮೇಲೆ ಗೆಳತಿಯರು ಹಂಚುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಪ್ರಶ್ನಾವಳಿಯ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ರೂಪಿಸಿದವರು ದಡ್ಡರಲ್ಲ. ಆ ಎಂಟು ‘ಪರಿಸರ’ದ ಪ್ರಶ್ನೆಗಳನ್ನು ನೋಡಿ: ಸುರಕ್ಷತೆ, ಸುತ್ತಲಿನ ನೈರ್ಮಲ್ಯ, ಕೈಯಲ್ಲಿರುವ ಹಣ, ಬೇಕಾದ ಮಾಹಿತಿ, ಬಿಡುವು, ವಾಸದ ಜಾಗ, ಆರೋಗ್ಯ ಸೇವೆ, ಸಾರಿಗೆ. ಕೇಳಬೇಕಾದುದನ್ನೇ ಕೇಳಿದ್ದಾರೆ. ಗೋಲ್‌ಮಾಲ್ ನಡೆಯುವುದು ಕೊನೆಯ ಅಧ್ಯಾಯದಲ್ಲಿ. ಪರಿಸರ ವಿಭಾಗದಲ್ಲಿ ಅಂಕ ಕಡಿಮೆ ಬಂದಿದೆ ಎಂದು ನಾಲ್ಕನೇ ಅಧ್ಯಾಯದಲ್ಲಿ ಕೋಷ್ಟಕ ಹಾಕುತ್ತಾರೆ. ಐದನೇ ಅಧ್ಯಾಯದ ‘ಶಿಫಾರಸುಗಳು’ ಎಂಬಲ್ಲಿಗೆ ಬಂದಾಗ ಯೋಗ, ಧ್ಯಾನ, ಆಪ್ತಸಮಾಲೋಚನೆ, ಆರೋಗ್ಯಕರ ಜೀವನಶೈಲಿಯ ಅರಿವು. ಹಣ ಸಾಲದು ಎಂದವಳಿಗೆ ಪ್ರಾಣಾಯಾಮ. ಬಸ್ಸಿಲ್ಲ ಎಂದವನಿಗೆ ಸಮಯಪಾಲನೆಯ ತರಬೇತಿ. ರೋಗಿ ಹೊಟ್ಟೆ ತೋರಿಸಿದರೆ ಕಣ್ಣಿಗೆ ಔಷಧಿ ಹಾಕುವ ವೈದ್ಯನನ್ನು ಊರಿನವರು ಏನೆಂದು ಕರೆಯುತ್ತಾರೋ ಗೊತ್ತಲ್ಲ.

ಉತ್ತರ ತುಂಬುವ ರೀತಿಯೂ ಒಂದು ಕತೆ. ತರಗತಿಯಲ್ಲಿ ಮೇಷ್ಟ್ರೇ ನಿಂತು ಫಾರಂ ಹಂಚಿಸುತ್ತಾರೆ. ಅದೇ ಮೇಷ್ಟ್ರ ಕೈಯಲ್ಲಿ ಆಂತರಿಕ ಅಂಕಗಳಿವೆ. ಹೆಸರು ಬರೆಯಬೇಕಿಲ್ಲ ಎಂದು ಎಷ್ಟು ಸಲ ಹೇಳಿದರೂ ಮಕ್ಕಳು ‘ತೃಪ್ತಿಯಿದೆ’ಗೆ ಸುತ್ತು ಹಾಕಿ ಕೊಟ್ಟುಬಿಡುತ್ತಾರೆ. ಲೈಂಗಿಕ ಜೀವನದ ತೃಪ್ತಿಯನ್ನು ಕೇಳುವ ಪ್ರಶ್ನೆಗೆ ಹುಡುಗಿಯರ ಸಾಲಿನಲ್ಲಿ ಮುಸಿಮುಸಿ ನಗು, ಆಮೇಲೆ ಖಾಲಿ ಜಾಗ. ಕೊತ್ತತ್ತಿ ಕಡೆಯ ಎಂ.ಎ. ಹುಡುಗಿಯೊಬ್ಬಳು ಸಾರಿಗೆಯ ಪ್ರಶ್ನೆಯ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದಳು: “ಬಸ್ಸು ಬರ್ತದಾ ಇಲ್ವಾ ಅಂತ ಕೇಳಿಲ್ಲ ಕಣಕ್ಕ, ತೃಪ್ತಿ ಐತಾ ಅಂತ ಕೇಳವ್ರೆ. ಬರದೇ ಇರೋ ಬಸ್ಸಿನ ಮೇಲೆ ಎಂಗಕ್ಕ ತೃಪ್ತಿ ಪಡೋದು?” ಸಂಶೋಧನಾ ವಿಧಾನಗಳ ಬಗ್ಗೆ ನಾನು ಕೋರ್ಸ್‌ವರ್ಕಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು ವಿಷಯ ಆ ಮಾತಿನಲ್ಲಿತ್ತು.

ನಮ್ಮ ಸೀಮೆಯಲ್ಲಿ ಆರೋಗ್ಯ ವಿಚಾರಿಸುವುದೇ ‘ಉಂಡ್ರಾ?’ ಎಂದು. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ. ವಿದ್ಯಾರ್ಥಿಗಳ ಆರೋಗ್ಯದ ಬಗೆಗಿನ ಪ್ರಬಂಧಗಳಲ್ಲಿ ‘ಬೆಳಗಿನ ಉಪಾಹಾರ ತ್ಯಜಿಸುವುದು’ ಒಂದು ಕೆಟ್ಟ ಅಭ್ಯಾಸ ಎಂದು ನಮೂದಾಗುತ್ತದೆ. ಸಿಗರೇಟು, ಮೊಬೈಲುಗಳ ಸಾಲಿನಲ್ಲಿ. ತ್ಯಜಿಸುವುದಕ್ಕೆ ಮೊದಲು ಅದು ಇರಬೇಕಲ್ಲ. ಅಮ್ಮ ಮದ್ದೂರು ಕಡೆಯ ಗಾರ್ಮೆಂಟ್ಸಿನ ವ್ಯಾನು ಹಿಡಿಯಲು ಮಗಳಿಗಿಂತ ಮೊದಲು ಮನೆ ಬಿಡುತ್ತಾಳೆ. ರಾತ್ರಿಯ ಮುದ್ದೆ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನಕ್ಕೆ ಕ್ಯಾಂಪಸ್ಸಿನ ಎದುರಿನ ಗಾಡಿಯಲ್ಲಿ ಒಂದು ಪ್ಲೇಟು ಚಿತ್ರಾನ್ನವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಇದನ್ನು ಜೀವನಶೈಲಿ ಎನ್ನುವುದಾದರೆ ಬರಗಾಲವನ್ನೂ ಡಯಟಿಂಗ್ ಎನ್ನಬಹುದು.

ಸರ್ಕಾರಕ್ಕೆ ಮಕ್ಕಳ ಹಸಿವು ಗೊತ್ತಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಚೆನ್ನಾಗಿ ಗೊತ್ತು. ಅಕ್ಷರ ದಾಸೋಹದ ಬಿಸಿಯೂಟ ಹತ್ತನೇ ತರಗತಿಯ ತನಕ ಇದೆ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂತು. ಮೊಟ್ಟೆಯ ಮೇಲೆ ಎಷ್ಟು ಗದ್ದಲ ನಡೆದರೂ 2024ರ ಹೊತ್ತಿಗೆ ಅದು ವಾರಕ್ಕೆ ಆರು ದಿನ ಮಕ್ಕಳ ತಟ್ಟೆಗೆ ಬಂತು. ಈ ನಾಡು ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಇವಕ್ಕೆ ಮೇಲಿನ ಸ್ಥಾನ ಸಿಗಬೇಕು. ನನ್ನ ಪ್ರಶ್ನೆ ಸರಳ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಹಸಿವು ನಿಂತುಹೋಗುತ್ತದೆಯೆ? ಹದಿನೈದು ವರ್ಷದ ತನಕ ಹಾಲು, ಮೊಟ್ಟೆ ಕೊಟ್ಟು ಬೆಳೆಸಿದ ದೇಹವನ್ನು ಹದಿನಾರಕ್ಕೆ ಕೈಬಿಟ್ಟು, ಇಪ್ಪತ್ತಕ್ಕೆ ಬಂದು ‘ನಿನ್ನ ಜೀವನಮಟ್ಟ ಎಷ್ಟು’ ಎಂದು ಕೇಳುವುದು ಯಾವ ಸೀಮೆಯ ಕಾಳಜಿ?

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗಾಗಿ ವಿದ್ಯಾಸಿರಿ ಯೋಜನೆ ಬಂದಾಗ ಊಟ-ವಸತಿ ಎರಡಕ್ಕೂ ಸೇರಿ ತಿಂಗಳಿಗೆ 1,500 ರೂಪಾಯಿ ಎಂದು ನಿಗದಿಯಾಯಿತು. ದಿನಕ್ಕೆ ಐವತ್ತು. ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಉಳಿದೆರಡು ತಿಂಗಳು ಹೊಟ್ಟೆಗೂ ರಜೆ ಎಂದು ಯಾರೋ ಅಧಿಕಾರಿ ಲೆಕ್ಕ ಹಾಕಿರಬೇಕು. ಯುವನಿಧಿಯದು ಇನ್ನೊಂದು ವಿಚಿತ್ರ. ಪದವಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿ ಕೂತರೆ ತಿಂಗಳಿಗೆ 3,000. ಅದೇ ಹುಡುಗ ಎಂ.ಎ. ಸೇರಿದರೆ ಏನೂ ಇಲ್ಲ, ಏಕೆಂದರೆ ಉನ್ನತ ವ್ಯಾಸಂಗಕ್ಕೆ ಹೋದವರು ಅನರ್ಹರು. ಯುವನಿಧಿ ಬೇಡವೆಂದು ನಾನು ಹೇಳುತ್ತಿಲ್ಲ, ಅದರ ವಿರುದ್ಧ ಕೂಗುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಓದುವವನಿಗೆ ಹೊಟ್ಟೆಯಿಲ್ಲ ಎಂಬ ತರ್ಕ ಎಲ್ಲಿಂದ ಬಂತು ಎಂಬುದಷ್ಟೇ ನನ್ನ ತಕರಾರು. ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡಲು 2017ರಿಂದ ಈ ಸರ್ಕಾರಗಳಿಗೆ ಬರುತ್ತದೆ. ಅಂಥದ್ದೊಂದು ಅಡುಗೆಮನೆ ಪ್ರತಿ ಸರ್ಕಾರಿ ಕ್ಯಾಂಪಸ್ಸಿನ ಗೇಟಿನೊಳಗೆ ಏಕಿರಬಾರದು? ಒಂದು ವರ್ಷದ ಕಾರ್ಯಾಗಾರಗಳ ಫ್ಲೆಕ್ಸು, ಶಾಲು, ಹೈ-ಟೀ ಖರ್ಚನ್ನು ಕೂಡಿಸಿ ನೋಡಿ ಎಂದು ಹೇಳಬಹುದಿತ್ತು. ಅಷ್ಟರಿಂದ ಅಡುಗೆಮನೆ ನಡೆಯುವುದಿಲ್ಲ, ನನಗೂ ಗೊತ್ತು. ಅದಕ್ಕೆ ಬಜೆಟ್ಟಿನಲ್ಲಿ ಒಂದು ಸಾಲು ಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಹಸಿವಿನ ಜೊತೆ ಬಾಯಾರಿಕೆಯೂ ಸೇರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಅಂದರೆ ಇಬ್ಬರಲ್ಲಿ ಒಬ್ಬರಿಗೆ ಎನ್ನಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ತರಗತಿಯಲ್ಲಿ ತಲೆಸುತ್ತು. ಮೇಷ್ಟ್ರ ಪ್ರಕಾರ ಅದು ‘ಆಸಕ್ತಿಯ ಕೊರತೆ’. ಇನ್ನು ನೀರು. ನಾನು ಎಂ.ಎ. ಓದಿದ ಜಾಗದಲ್ಲಿ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಶೌಚಾಲಯದ ಚಿಲಕ ಮುರಿದಿತ್ತು, ನೀರಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುವುದು ನಮ್ಮ ಸ್ನೇಹದ ಒಂದು ಅಂಗವಾಗಿತ್ತು. ಮೂತ್ರದ ಸೋಂಕು ಬಂದರೆ ಮನೆಯಲ್ಲಿ ಹೇಳುವಂತಿಲ್ಲ. ಹೇಳಿದರೆ ‘ಓದಿದ್ದು ಸಾಕು’ ಎನ್ನಲು ಕಾದಿರುವವರು ಇದ್ದೇ ಇರುತ್ತಾರೆ. ಶಾಲೆಯ ಹುಡುಗಿಯರಿಗೆ ಶುಚಿ ಯೋಜನೆಯಲ್ಲಿ ಪ್ಯಾಡು ಉಂಟು. ದುಡಿಯುವ ಮಹಿಳೆಯರಿಗೆ 2025ರಲ್ಲಿ ವರ್ಷಕ್ಕೆ ಹನ್ನೆರಡು ದಿನ ಋತುಚಕ್ರದ ರಜೆಯನ್ನು ಈ ರಾಜ್ಯ ಒಪ್ಪಿತು, ಹೆಮ್ಮೆಯ ವಿಷಯವೇ. ನಡುವಿನ ವಯಸ್ಸಿನಲ್ಲಿ ವಿಶ್ವವಿದ್ಯಾಲಯದಲ್ಲಿ ಕೂತವಳಿಗೆ ಶೇ 75 ಹಾಜರಾತಿಯ ಸುತ್ತೋಲೆ.

ಬಸ್ಸಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಸಾರಿಗೆಯನ್ನು ಆರೋಗ್ಯದ ವಿಷಯ ಎಂದು ಒಪ್ಪಲು ನಮ್ಮ ವಿಭಾಗಗಳು ತಯಾರಿಲ್ಲ. ತೂಬಿನಕೆರೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಶುರುವಾದದ್ದು ನಮ್ಮ ಸೀಮೆಯ ಮಕ್ಕಳು ಮೈಸೂರಿನ ತನಕ ಹೋಗದೆ ಎಂ.ಎ., ಎಂ.ಕಾಂ. ಓದಲಿ ಎಂದು. ಕೊತ್ತತ್ತಿಯಿಂದಲೋ ಮಳವಳ್ಳಿ ಕಡೆಯಿಂದಲೋ ಬರುವವರಿಗೆ ಅದು ದೊಡ್ಡ ಉಪಕಾರವಾಯಿತು. ಆಮೇಲೆ ಬೆಂಗಳೂರು-ಮೈಸೂರು ದಶಪಥ ಬಂತು. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದರು. ಅದೇ ಆಗಸ್ಟಿನಿಂದ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಿಷೇಧ. ಬೆಂಗಳೂರಿನವರು ಈಗ ಎಷ್ಟು ಬೇಗ ಮೈಸೂರು ತಲುಪುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಆ ರಸ್ತೆಯ ಪಕ್ಕದಲ್ಲೇ ಇರುವವರು ಎಷ್ಟು ತಡವಾಗಿ ಕಾಲೇಜು ತಲುಪುತ್ತಾರೆ ಎಂದು ಕೇಳುವವರಿಲ್ಲ. ಮುಖ್ಯಪಥ ಹಿಡಿದ ಬಸ್ಸು ನಡುವೆ ನಿಲ್ಲುವುದಿಲ್ಲ. ನಿಲ್ಲುವ ಬಸ್ಸು ಸರ್ವಿಸ್ ರಸ್ತೆಯಲ್ಲಿ ಬರಬೇಕು, ಅದು ಬರುವ ಹೊತ್ತಿಗೆ ತುಂಬಿ ತುಳುಕುತ್ತಿರುತ್ತದೆ. ಶಕ್ತಿ ಯೋಜನೆಯಿಂದ ಹುಡುಗಿಯರ ಟಿಕೆಟ್ ಖರ್ಚು ಉಳಿಯಿತು, ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಓದು ಮುಂದುವರಿದದ್ದೇ ಅದರಿಂದ. ಟಿಕೆಟ್ಟನ್ನು ಉಚಿತ ಮಾಡಿದವರು ಬಸ್ಸನ್ನೂ ಹೆಚ್ಚಿಸಬೇಕಿತ್ತು. ಬೆಳಗಿನ ಹೊತ್ತಿನ ನೂಕುನುಗ್ಗಲಿನಲ್ಲಿ ಹೆಂಗಸರ ಮೇಲೆ ಗಂಡಸರಿಗೆ ಸಿಟ್ಟು, ವಿದ್ಯಾರ್ಥಿಗಳ ಮೇಲೆ ಕಂಡಕ್ಟರಿಗೆ ಸಿಟ್ಟು. ದಿನಕ್ಕೆ ಮೂರು-ಮೂರೂವರೆ ಗಂಟೆ ಹೀಗೆ ನಿಂತು ಪ್ರಯಾಣ ಮಾಡುವ ದೇಹಕ್ಕೆ ಸಂಜೆ ‘ನಿಯಮಿತ ವ್ಯಾಯಾಮ ಮಾಡುತ್ತೀರಾ’ ಎಂಬ ಪ್ರಶ್ನೆ.

ಹುಡುಗರ ಕಷ್ಟ ಬೇರೆ ಬಗೆಯದು. ರಾತ್ರಿ ಪಾಳಿಯಲ್ಲಿ ಸೆಕ್ಯುರಿಟಿ ಗಾರ್ಡಾಗಿಯೋ ಪೆಟ್ರೋಲ್ ಬಂಕಿನಲ್ಲೋ ಕೆಲಸ ಮಾಡಿ ಬೆಳಿಗ್ಗೆ ತರಗತಿಗೆ ಬರುವವರನ್ನು ಪ್ರಬಂಧಗಳು ‘ನಿದ್ರಾ ನೈರ್ಮಲ್ಯ’ ಇಲ್ಲದವರು ಎನ್ನುತ್ತವೆ. ಕಬ್ಬಿನ ಬಟವಾಡೆಗೂ ಹುಡುಗನ ನಿದ್ದೆಗೂ ಏನು ಸಂಬಂಧ ಎಂದು ಮಂಡ್ಯದಲ್ಲಿ ಯಾರೂ ಕೇಳುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದಲ್ಲಿ ಕಾರ್ಖಾನೆ ಹಣ ಕೊಡಬೇಕು. ಆ ಹದಿನಾಲ್ಕು ದಿನ ಎಷ್ಟು ತಿಂಗಳಾಗಿ ಹಿಗ್ಗುತ್ತದೆ ಎಂಬುದರ ಮೇಲೆ ಮಗನ ಸೆಮಿಸ್ಟರ್ ಶುಲ್ಕ, ಮಗಳ ಪಿ.ಜಿ. ಬಾಡಿಗೆ, ಅಪ್ಪನ ಬಿ.ಪಿ. ಎಲ್ಲವೂ ನಿಂತಿದೆ. 1933ರಲ್ಲಿ ಶುರುವಾದ ಮೈಷುಗರ್ ವರ್ಷಗಟ್ಟಲೆ ನಿಂತು 2022ರಲ್ಲಿ ಮತ್ತೆ ಹೊಗೆಯಾಡಿತು. ನಿಂತಿದ್ದ ವರ್ಷಗಳಲ್ಲಿ ಓದು ಬಿಟ್ಟವರು ಯಾವ ಪ್ರಶ್ನಾವಳಿಗೂ ಸಿಗುವುದಿಲ್ಲ. ಸಮೀಕ್ಷೆ ನಡೆಯುವುದು ತರಗತಿಯಲ್ಲಿ ಉಳಿದವರ ನಡುವೆ.

ಇನ್ನು ಮನಸ್ಸಿನ ಮಾತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಈ ವಿಷಯಕ್ಕೆಂದೇ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಹಾಗಿರುವಾಗ ಆಪ್ತಸಮಾಲೋಚನೆಯನ್ನು ಹಗುರವಾಗಿ ಮಾತನಾಡುವುದು ತಪ್ಪು. ನಿಮ್ಹಾನ್ಸ್ ನಡೆಸಿದ 2015-16ರ ಸಮೀಕ್ಷೆಯೇ ಹೇಳುವಂತೆ ಮಾನಸಿಕ ಕಾಯಿಲೆ ಇರುವ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಸಂಕಟದಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ 14416 ಟೆಲಿಮಾನಸ್ ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಪ್ರತಿ ಕ್ಯಾಂಪಸ್ಸಿಗೆ ಖಾಯಂ ಆಪ್ತಸಮಾಲೋಚಕರು ಬೇಕು. ಸೈಕಾಲಜಿ ವಿಭಾಗದ ಅತಿಥಿ ಉಪನ್ಯಾಸಕಿಗೆ ‘ಹೆಚ್ಚುವರಿ ಪ್ರಭಾರ’ ವಹಿಸುವುದಲ್ಲ. ಅವರದೇ ಸಂಬಳ ಬಂದಿರುವುದಿಲ್ಲ, ಪಾಪ.

ಆದರೆ ಸಮಾಲೋಚಕರು ಎಷ್ಟು ಕೆಲಸ ಮಾಡಬಲ್ಲರು? 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ನಾವು ಕಳೆದುಕೊಂಡ ರೋಹಿತ್ ವೇಮುಲ ತನ್ನ ಕೊನೆಯ ಪತ್ರದಲ್ಲಿ ಬರಬೇಕಿದ್ದ ಏಳು ತಿಂಗಳ ಫೆಲೋಶಿಪ್ಪಿನ ಲೆಕ್ಕ ಬರೆದಿಟ್ಟಿದ್ದ, ಅದನ್ನು ಮನೆಯವರಿಗೆ ಕೊಡಿಸಿ ಎಂದು ಕೇಳಿದ್ದ. ಆ ಸಾವಿನ ಹಿಂದೆ ಜಾತಿಯಿತ್ತು, ಅಧಿಕಾರವಿತ್ತು. ಇಷ್ಟೇ ಕಾರಣ ಎಂದು ಕುಗ್ಗಿಸಲಾರೆ. ಆದರೂ ಆ ಲೆಕ್ಕವನ್ನು ಓದಿದಾಗಲೆಲ್ಲ ಸಂಶೋಧನಾ ವಿದ್ಯಾರ್ಥಿಗಳಾದ ನಾವು ಬೆಚ್ಚುತ್ತೇವೆ, ಏಕೆಂದರೆ ಅಂಥ ಲೆಕ್ಕ ನಮ್ಮೆಲ್ಲರ ಡೈರಿಯಲ್ಲೂ ಇದೆ. ಜೆಆರ್‌ಎಫ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೆಆರ್‌ಎಫ್ ಇಲ್ಲದಿದ್ದರೂ 8,000. ರಾಜ್ಯ ವಿಶ್ವವಿದ್ಯಾಲಯದಲ್ಲಿ ಎರಡೂ ಇಲ್ಲದವರು ಟ್ಯೂಷನ್ ಹೇಳಿ, ಡಿ.ಟಿ.ಪಿ. ಮಾಡಿ, ಬೇರೆಯವರ ಪ್ರಬಂಧ ತಿದ್ದಿ ಬದುಕುತ್ತಾರೆ. ಮುಂದೆ ಏನು ಎಂದರೆ, 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದದ್ದನ್ನು ನೆನೆಸಿಕೊಳ್ಳಿ: 2022ರ ಮಾರ್ಚಿನಲ್ಲಿ ಪರೀಕ್ಷೆ ಬರೆದವರು ನೇಮಕಾತಿ ಆದೇಶಕ್ಕೆ ವರ್ಷಗಟ್ಟಲೆ ಕಾದರು. ಈ ಕಾಯುವಿಕೆಗೆ ವೈದ್ಯಕೀಯದಲ್ಲಿ ಹೆಸರಿಲ್ಲ. ಇದ್ದ ಹೆಸರು ‘ಆತಂಕ’ ಎಂಬುದೊಂದೇ. ಅದನ್ನು ನಮ್ಮ ತಲೆಯೊಳಗಿನ ದೋಷ ಎಂಬಂತೆ ಬರೆದುಕೊಳ್ಳುತ್ತಾರೆ.

ಸಾಹಿತ್ಯದ ಓದುಗರಿಗೆ ತ್ರಿವೇಣಿಯವರ ‘ಶರಪಂಜರ’ ನೆನಪಿರಬೇಕು. ಅದರಲ್ಲಿ ಕಾವೇರಿಗೆ ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಗುಣವಾಗಿ ಬಂದವಳನ್ನು ಮನೆ, ನೆರೆಹೊರೆ ಮತ್ತೆ ಅಲ್ಲಿಗೇ ದೂಡುತ್ತವೆ. ಮನಃಶಾಸ್ತ್ರ ಓದಿದ್ದ ಆ ಲೇಖಕಿಗೆ ಅರವತ್ತರ ದಶಕದಲ್ಲೇ ಹೊಳೆದದ್ದು ನಮ್ಮ ಕ್ಷೇಮಪಾಲನಾ ಸಮಿತಿಗಳಿಗೆ ಇನ್ನೂ ಹೊಳೆದಿಲ್ಲ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರು ವೈದ್ಯರಾಗಿದ್ದುಕೊಂಡು ಕತೆ ಬರೆದವರು. ಅವರ ಕತೆಗಳಲ್ಲಿ ರೋಗ ಯಾವತ್ತೂ ಬಡತನದಿಂದ ಬೇರೆಯಾಗಿ ನಿಲ್ಲುವುದಿಲ್ಲ.

ಆದರೆ ಇದೇ ಸಾಹಿತ್ಯದ ಇನ್ನೊಂದು ಚಾಳಿಯೊಡನೆ ನನ್ನ ಜಗಳವಿದೆ. ವಾರಾನ್ನ ಉಂಡು ಓದಿದವರು, ಹಾಸ್ಟೆಲಿನ ಹುಳ ಬಿದ್ದ ಅನ್ನ ತಿಂದು ಬೆಳೆದವರು, ಬೀದಿದೀಪದ ಕೆಳಗೆ ಕೂತವರು — ಈ ಕತೆಗಳನ್ನು ವೇದಿಕೆಯ ಮೇಲೆ ಹೇಳುವ ಹಿರಿಯರಿಗೆ ಕೊರತೆಯಿಲ್ಲ. ‘ನಮ್ಮ ಕಾಲದಲ್ಲಿ ಇಷ್ಟೂ ಇರಲಿಲ್ಲ, ಆದರೂ ಓದಲಿಲ್ಲವೆ?’ ಓದಿದಿರಿ, ಒಪ್ಪಿದೆ. ನಿಮ್ಮ ಪಕ್ಕದಲ್ಲಿ ಕೂತು ಓದಲಾರದೆ ಹೋದ ಹತ್ತು ಜನ ಎಲ್ಲಿದ್ದಾರೆ? ಅವರು ಆತ್ಮಕಥೆ ಬರೆಯಲಿಲ್ಲ. ಗಮನಿಸಿ, ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲೋ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲೋ ಬರುವ ಬವಣೆಯ ಓದು ಬೇರೆ, ಅವರು ಅದನ್ನು ಮುಂದಿನವರಿಗೆ ಅರ್ಹತಾ ಪರೀಕ್ಷೆ ಎಂದು ಹೇಳಲಿಲ್ಲ. ಹಸಿವು ಪ್ರತಿಭೆಯನ್ನು ಸಾಣೆ ಹಿಡಿಯುತ್ತದೆ ಎಂದು ನಂಬುವವರು ತಮ್ಮ ಮೊಮ್ಮಕ್ಕಳ ಟಿಫನ್ ಬಾಕ್ಸಿನಿಂದ ಪ್ರಯೋಗ ಶುರು ಮಾಡಬಹುದು.

ಸಂಶೋಧಕರಾದ ನಮ್ಮ ಕೈಯಲ್ಲಿ ಏನಿದೆ ಎಂದು ಗೆಳತಿಯೊಬ್ಬಳು ಕೇಳಿದಳು. ಬಸ್ಸು ತರಿಸುವುದು, ಊಟ ಹಾಕುವುದು ಪ್ರಬಂಧದ ಕೆಲಸವೆ? ಅವಳ ಅನುಮಾನದಲ್ಲಿ ಅರ್ಥವಿದೆ; ಗೈಡಿನ ಸಹಿ ಬೇಕು, ವಿಭಾಗದ ವಿರುದ್ಧ ಬರೆದರೆ ವೈವಾ ಯಾವಾಗ ಆಗುತ್ತದೋ. ನಾನು ಅವಳಿಗೆ ರುಡಾಲ್ಫ್ ವಿರ್ಚೋವ್ ಕತೆ ಹೇಳಿದೆ. 1848ರಲ್ಲಿ ಜರ್ಮನರ ಪ್ರಶ್ಯಾ ಸರ್ಕಾರ ಅಪ್ಪರ್ ಸೈಲೀಸಿಯಾ ಪ್ರಾಂತ್ಯದ ಟೈಫಸ್ ಜ್ವರವನ್ನು ಪರಿಶೀಲಿಸಲು ಅವನನ್ನು ಕಳಿಸಿತು. ವಯಸ್ಸು ಆಗಿನ್ನೂ 26, ನನಗಿಂತ ಚಿಕ್ಕವನು. ಕೆಲವು ವಾರ ಸುತ್ತಾಡಿ ಬಂದು ಅವನು ಬರೆದ ವರದಿಯ ಶಿಫಾರಸುಗಳಲ್ಲಿ ಮದ್ದಿಗಿಂತ ಮುಂದೆ ಇದ್ದವು ಜನರ ಭಾಷೆಯಲ್ಲಿ ಶಿಕ್ಷಣ, ರಸ್ತೆ, ತೆರಿಗೆಯ ಬದಲಾವಣೆ, ಪೂರ್ಣ ಪ್ರಜಾಪ್ರಭುತ್ವ. ಮರುವರ್ಷ ರಾಜಕೀಯದ ಕಾರಣಕ್ಕೆ ಬರ್ಲಿನ್ನಿನ ಹುದ್ದೆಯೂ ಹೋಯಿತು. ಆದರೆ ಜೀವಕೋಶ ರೋಗಶಾಸ್ತ್ರದ ಪಿತಾಮಹ ಎಂದು ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ಓದುವುದು ಅದೇ ಮನುಷ್ಯನನ್ನು. ಸೂಕ್ಷ್ಮದರ್ಶಕ ನೋಡಬಲ್ಲವನಿಗೆ ರಸ್ತೆಯೂ ಕಾಣುತ್ತಿತ್ತು.

ಕೊತ್ತತ್ತಿಯಿಂದ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸಿದೆ, ಎಷ್ಟು ಜನ ಹತ್ತಲಾಗದೆ ಉಳಿಯುತ್ತಾರೆ, ವಿದ್ಯಾರ್ಥಿವೇತನ ಯಾವ ತಿಂಗಳು ಬರಬೇಕಿತ್ತು, ಯಾವ ತಿಂಗಳು ಬಂತು, ಹೆಣ್ಣುಮಕ್ಕಳ ಶೌಚಾಲಯದಲ್ಲಿ ಎಷ್ಟು ಚಿಲಕ ಸರಿಯಿವೆ — ಇವನ್ನು ಎಣಿಸುವುದಕ್ಕೆ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಬೇಕಿಲ್ಲ. ಎಣಿಸಿ ಐದನೇ ಅಧ್ಯಾಯದಲ್ಲಿ ಹಾಗೆಯೇ ಬರೆಯಬಹುದು. ಪರೀಕ್ಷಕರು ಇದು ಸಂಶೋಧನೆಯಲ್ಲ ಎಂದರೆ ಅದನ್ನೇ ಚರ್ಚೆ ಮಾಡೋಣ.

ಮೊಬೈಲು? ಹೌದು, ನಾವು ಮೊಬೈಲ್ ಜಾಸ್ತಿ ನೋಡುತ್ತೇವೆ. ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತವರು ಇನ್ನೇನು ಮಾಡಬೇಕು?

ಇಷ್ಟೆಲ್ಲ ಬರೆಯುವ ತುರ್ತು ಯಾಕೆಂದರೆ, ಇರುವುದೂ ಉಳಿಯುವ ಖಾತ್ರಿ ಕಾಣುತ್ತಿಲ್ಲ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳಲ್ಲಿ ವಿಲೀನಗೊಳಿಸಬೇಕೆಂದು ಶಿಫಾರಸು ಮಾಡಿತು. ಪಟ್ಟಿಯಲ್ಲಿ ಮಂಡ್ಯವೂ ಇತ್ತು. ಕೊಟ್ಟ ಕಾರಣ ಹಣವಿಲ್ಲ ಎಂದು. ಹಣವಿಲ್ಲದೆ ವಿಶ್ವವಿದ್ಯಾಲಯಗಳನ್ನು ಘೋಷಿಸಿದವರದು ಒಂದು ಪಾಪ, ಘೋಷಿಸಿದ್ದಕ್ಕೆ ಹಣ ಕೊಡದೆ ಮುಚ್ಚೋಣ ಎನ್ನುವವರದು ಇನ್ನೊಂದು. ಕಟ್ಟಡ ಎಲ್ಲಿಗೂ ಹೋಗುವುದಿಲ್ಲ, ಆಡಳಿತ ಮಾತ್ರ ಬದಲಾಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಆಡಳಿತ ಎಂದರೆ ಅಂಕಪಟ್ಟಿಯ ತಿದ್ದುಪಡಿ, ಮರುಮೌಲ್ಯಮಾಪನದ ಅರ್ಜಿ, ವಿದ್ಯಾರ್ಥಿವೇತನಕ್ಕೊಂದು ಸಹಿ. ಮದ್ದೂರಿನ ಹುಡುಗಿಗೆ ಮಂಡ್ಯ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಮೈಸೂರು ಅದರ ಮೂರು ಪಟ್ಟು. ಒಂದು ಸಹಿಗೆ ಒಂದು ದಿನದ ಹಾಜರಾತಿ, ಒಂದು ಹೊತ್ತಿನ ಊಟ, ಸಂಜೆ ಕತ್ತಲಾದ ಮೇಲೆ ಸರ್ವಿಸ್ ರಸ್ತೆಯಲ್ಲಿ ಇಳಿದು ಮನೆ ಸೇರುವ ಭಯ. ಆ ಉಪಸಮಿತಿಯ ಮುಂದೆ ಆದಾಯ-ವೆಚ್ಚದ ಲೆಕ್ಕ ಇತ್ತು. ಈ ಲೆಕ್ಕವನ್ನು ಅವರ ಮುಂದೆ ಇಡಬೇಕಿದ್ದ ನಾವು ಆ ವರ್ಷವೂ ಪ್ರಶ್ನಾವಳಿ ಹಂಚುತ್ತಿದ್ದೆವು.